ಮೂರ್ತಪ್ಪನವರ ಬಟ್ಟೆಗಂಟು

ಶುಕ್ರವಾರ ಮಧ್ಯಾಹ್ನದ ಗಂಟೆ ಹೊಡೆಯಿತೆಂದರೆ ಏಕನಾಥಮ್ಮನಿಗೆ ಕ್ಲಾಸಿಗೆ ಹೋಗುವುದೇ ಬೇಡವೆನಿಸುತ್ತಿತ್ತು. ಅವಳು ಗೃಹವಿಜ್ಞಾನದ ಟೀಚರು. ಹೊಸದುರ್ಗ ಸೀಮೆಯ ಆ ಹೈಸ್ಕೂಲಿಗೆ ಎಪ್ಪತ್ತೆರಡನೇ ಇಸವಿಯಲ್ಲಿ ಬಂದವಳು. ಈಗ ಎಪ್ಪತ್ತನಾಲ್ಕು, ನೌಕರಿ ಇನ್ನೂ ಕಾಯಂ ಆಗಿಲ್ಲ. ಕಾಯಂ ಮಾಡಬಹುದೆಂದು ಬರೆದುಕೊಡಬೇಕಾದವರು ಹೆಡ್‌ಮಾಸ್ತರ್ ಮೂರ್ತಪ್ಪನವರು. ಅದೇ ಮೂರ್ತಪ್ಪನವರ ಮನೆಯಿಂದ ಪ್ರತಿ ಶುಕ್ರವಾರ ಅವಳ ಕ್ಲಾಸಿಗೆ ಒಂದು ಬಟ್ಟೆಗಂಟು ಬರುತ್ತಿತ್ತು.

ಪಾಠದ ಹೆಸರು 'ಕಲೆ ತೆಗೆಯುವ ವಿಧಾನಗಳು'. ಒಂದು ಗೇಣು ಬಟ್ಟೆಚೂರಿಗೆ ಟೀ, ಮಸಿ, ಎಣ್ಣೆ ಹಚ್ಚಿ ತೆಗೆದು ತೋರಿಸಿದರೆ ಸಾಕು, ಪುಸ್ತಕ ಹೇಳುವುದು ಅಷ್ಟೇ. "ಚೂರು ಯಾಕಮ್ಮ, ಇಡೀ ಬಟ್ಟೇನೇ ಕಳಿಸ್ತೀನಿ. ಹುಡ್ಗೇರಿಗೂ ಅಭ್ಯಾಸ ಆಗ್ತೈತೆ" ಎಂದಿದ್ದರು ಮೂರ್ತಪ್ಪನವರು, ದೊಡ್ಡ ಉಪಕಾರ ಮಾಡುವವರ ಹಾಗೆ. ಗಂಟು ಬಿಚ್ಚಿದರೆ ಏನುಂಟು ಏನಿಲ್ಲ? ಎಲೆಯಡಿಕೆ ಉಗುಳು ಸುರಿದ ಪಂಚೆ, ಬೆವರಿಗೆ ಹಳದಿಗಟ್ಟಿದ ಬನಿಯನ್, ಮಗುವಿನ ಉಚ್ಚೆ ನಾರುವ ದುಪ್ಪಟಿ, ಎಲ್ಲದರ ತಳದಲ್ಲಿ ಆ ಮನುಷ್ಯನ ಚಡ್ಡಿ. ಥೂ, ಮಾನ ಮರ್ಯಾದೆ ಅನ್ನುವುದು ಬೇಡವೇ ಒಬ್ಬ ಮೇಷ್ಟ್ರಿಗೆ? ಹದಿನೈದು ಹದಿನಾರರ ಹೆಣ್ಣುಮಕ್ಕಳು ಮುಖ ಕಿವುಚಿಕೊಂಡು ಅವನ್ನು ಉಜ್ಜುತ್ತಿದ್ದರು. "ಇವು ಯಾರ ಬಟ್ಟೆ ಮೇಡಂ?" ಎಂದು ಒಬ್ಬಳು ಕೇಳಿದಾಗ ಏಕನಾಥಮ್ಮ, "ಪ್ರಾಕ್ಟಿಕಲ್ ಬಟ್ಟೆ, ಸುಮ್ನೆ ಒಗೀರಿ" ಎಂದುಬಿಟ್ಟಿದ್ದಳು. ಅವತ್ತು ಅವಳಿಗೆ ತನ್ನ ಬಾಯಿಯ ಮೇಲೇ ಹೇಸಿಗೆಯಾಗಿ ಅನ್ನ ಸೇರಲಿಲ್ಲ.

ಪರೀಕ್ಷೆಗೆ ಮುಂಚಿನ ಶುಕ್ರವಾರ ಗಂಟಿನೊಳಗೆ ಒಂದು ಉಣ್ಣೆಯ ಶಾಲು ಇತ್ತು. ಯಾವುದೋ ಸನ್ಮಾನದಲ್ಲಿ ಮೂರ್ತಪ್ಪನವರಿಗೆ ಹೊದಿಸಿದ್ದು. ಅದು ಕಾಳಕ್ಕನ ಪಾಲಿಗೆ ಬಿತ್ತು. ಮತ್ತೋಡು ಕಡೆಯ ಕುರುಬರ ಹುಡುಗಿ, ಉಣ್ಣೆಯ ನಡುವೆಯೇ ಬೆಳೆದವಳು. ಒಗೆದಳು, ಒಣಗಿಸಿ ತರುತ್ತೇನೆಂದು ಮನೆಗೊಯ್ದಳು. ಅವರ ಮನೆಯಲ್ಲಿ ಕಂಬಳಿಗೆ ಹುಣಸೆಬೀಜದ ಗಂಜಿ ಹಚ್ಚುತ್ತಾರೆ, ಮಳೆನೀರು ಇಳಿಯಬಾರದೆಂದು. ಇದು ಯಾರದೋ ಪಾಪ, ತೀರಾ ಮೆತ್ತಗೈತೆ ಅಂದುಕೊಂಡು ಹುಡುಗಿ ಶಾಲಿಗೂ ಎರಡು ಕೈ ಬಳಿದಳು. ಸೋಮವಾರ ಏಕನಾಥಮ್ಮ ಅದನ್ನು ಹೆಡ್‌ಮಾಸ್ತರರ ಮೇಜಿನ ಮೇಲಿಟ್ಟಾಗ ಶಾಲು ಹಲಗೆಯ ಹಾಗೆ ನೆಟ್ಟಗೆ ನಿಂತಿತು.

"ಬೇಕಂತ್ಲೇ ಮಾಡಿರೋದು ಇದು" ಎಂದರು ಮೂರ್ತಪ್ಪನವರು. "ಪ್ರಾಕ್ಟಿಕಲ್‌ಗೆ ಸೊನ್ನೆ ಹಾಕ್ರಿ ಅವಳಿಗೆ."

"ಸೊನ್ನೆ ಹಾಕಿದ್ರೆ ಎಸ್ಸೆಸ್ಸೆಲ್ಸಿ ಫೇಲಾಗ್ತಾಳೆ ಸಾರ್. ನರ್ಸ್ ಟ್ರೈನಿಂಗ್ ಸೇರ್ಬೇಕು ಅಂತ ಓದ್ತೈತೆ ಆ ಹುಡ್ಗಿ. ಫೇಲಾದ್ರೆ ಅವರಪ್ಪ ಮತ್ತೆ ಓದ್ಸಲ್ಲ, ಕುರಿ ಹಿಂದೆ ಅಟ್ತಾನೆ."

"ಅಟ್ಲಿ. ಕುರಿ ಕಾಯೋರ ಮಗಳು ಕುರಿ ಕಾಯಾಕೆ ಏನು ಕಷ್ಟ?" ಮೂರ್ತಪ್ಪನವರು ಒಂದು ಕಾಗದದ ಮೇಲೆ ಬೆರಳು ಬಡಿದರು. "ನಿಮ್ಮ ಕಾಯಂ ಕಾಗದಾನೂ ಇಲ್ಲೇ ಐತೆ, ಮರೀಬ್ಯಾಡ್ರಿ."

ಬಾಗಿಲ ಹತ್ತಿರ ಕಾಳಕ್ಕ ನಿಂತಿದ್ದಳು. "ತಪ್ಪಾತಾ ಮೇಡಂ? ನಮ್ಮವ್ವ ಹಂಗೇ ಹಚ್ಚಾದು" ಎಂದಳು. ಬಟ್ಟೆ ಒಗೆಯುವ ಸೋಡಾದ ನೀರಿಗೆ ಅವಳ ಬೆರಳ ಸಂದಿಗಳು ಬಿರಿದು ಕೆಂಪಗಾಗಿದ್ದವು. ಆ ಕೈ ನೋಡಿ ಏಕನಾಥಮ್ಮನಿಗೆ ಮೂರ್ತಪ್ಪನವರ ಮೇಲಿದ್ದ ಅಸಹ್ಯವೆಲ್ಲ ತಿರುಗಿ ತನ್ನ ಮೇಲೇ ಬಂತು.

"ನೀನು ಕ್ಲಾಸಿಗೆ ಹೋಗವ್ವ" ಎಂದು ಅವಳನ್ನು ಕಳಿಸಿ, ಅಂಕಪಟ್ಟಿಯ ಅಡಿಗೆ ಕಾರ್ಬನ್ ಹಾಳೆ ಇಟ್ಟಳು. ಪಟ್ಟಿ ಚಿತ್ರದುರ್ಗದ ಕಚೇರಿಗೆ ಹೋಗುವಂಥದು. ಕಾಳಕ್ಕನ ಹೆಸರಿನ ಮುಂದೆ ಇಪ್ಪತ್ತಕ್ಕೆ ಹದಿನೆಂಟು ಎಂದು ಬರೆದಳು. ಪಕ್ಕದ ಷರಾ ಜಾಗದಲ್ಲಿ ಬರೆದಳು: 'ಎರಡು ವರ್ಷದಿಂದ ಪ್ರತಿ ಶುಕ್ರವಾರ ಮುಖ್ಯೋಪಾಧ್ಯಾಯರ ಮನೆಯ ಕೊಳೆಬಟ್ಟೆಗಳನ್ನು, ಒಳಬಟ್ಟೆ ಸಹಿತ, ವಿದ್ಯಾರ್ಥಿನಿಯರಿಂದ ಒಗೆಸಲಾಗಿದೆ. ಒಗೆಸಿದವಳು ನಾನು.' ಕೆಳಗೆ ಸಹಿ ಹಾಕಿ, ಒಂದು ಪ್ರತಿಯನ್ನು ಚೀಲಕ್ಕೆ ತುರುಕಿಕೊಂಡು, ಇನ್ನೊಂದನ್ನು ಅವರ ಮುಂದಿಟ್ಟಳು.

ಮೂರ್ತಪ್ಪನವರು ಓದಿದರು. ಹಾಳೆಯನ್ನು ಅವಳ ಕಡೆಗೆ ವಾಪಸ್ ತಳ್ಳಿದರು.

"ಇದು ಹೋದ್ರೆ ನಿಮ್ಮ ನೌಕ್ರೀನೂ ಹೋಗ್ತೈತೆ ಕಣಮ್ಮ."

"ಹೋಗ್ಲಿ ಸಾರ್. ಆ ಮಕ್ಕಳ ಕೈಗೆ ನಿಮ್ಮ ಚಡ್ಡಿ ಕೊಟ್ಟೋಳು ನಾನೇ ಅಲ್ವಾ."