ಉಲ್ಟಾ ಸವಾರಿಯ ದಿನ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮ ಬೀದಿಯವರು ಹೇಳುತ್ತಾರೆ. ಸುಳ್ಳು. ಮೂಗಿನ ತುದಿಯಲ್ಲಿದ್ದರೆ ಒಂದು ಸೀನು ಬಂದಾಗ ಹಾರಿಹೋಗಬೇಕಿತ್ತು. ನನ್ನದು ಹೊಟ್ಟೆಯೊಳಗೆ ಕೂತು ಸಣ್ಣ ಉರಿಯಲ್ಲಿ ಬೇಯುವ ಕೋಪ. ಅದು ಬೆಂದು ಏನಾಯಿತು ಎಂದು ನಾನೇ ಹೇಳಿಬಿಡುತ್ತೇನೆ. ಬೇರೆಯವರ ಬಾಯಿಂದ ಕೇಳಿದರೆ ಉಪ್ಪುಖಾರ ಸೇರಿರುತ್ತದೆ.

ನಾನು ಮತ್ತು ನನ್ನ ತಮ್ಮ ಸೇರಿ ಸೈಕಲ್ ಅಂಗಡಿ ನಡೆಸುತ್ತಿದ್ದೆವು. ಜಲ್ಲಿ ದಾರಿಯಲ್ಲಿ ಓಡಿಸುವ ದಪ್ಪ ಟೈರಿನ ಸೈಕಲ್ಲುಗಳು ನಮ್ಮವು. ಬರುವವರಿಗೆ ಅವನ್ನು ಬಾಡಿಗೆಗೆ ಕೊಟ್ಟು, ಬೆಟ್ಟದಲ್ಲಿ ನಾವೇ ಹುಡುಕಿ ಗುರುತು ಹಾಕಿದ ದಾರಿಗಳಿಗೆ ಕಳಿಸುತ್ತಿದ್ದೆವು. ತಿರುವು ತಿರುವಿಗೂ ಬಂಡೆಯ ಮೇಲೆ ಹಳದಿ ಬಾಣ. ಆರು ದಾರಿ ಆಗಿದ್ದವು, ಏಳನೆಯದಕ್ಕೆ ಎರಡು ವರ್ಷ ಬೆವರು ಸುರಿಸಿದ್ದೆವು. ಅದನ್ನು ತೆರೆಯುವ ದಿನ ಹತ್ತಿರ ಬರುತ್ತಿತ್ತು.

ನನ್ನ ತಮ್ಮನಿಗೆ ಕೆಲಸ ಕಲಿಸಿದವಳು ನಾನೇ. ಬ್ರೇಕ್ ವೈರ್ ಕತ್ತರಿಸಿದರೆ ಅದರ ತುದಿ ಸೂಜಿಗಳ ಕಂತೆಯ ಹಾಗೆ ಬಿಚ್ಚಿಕೊಂಡು ಬೆರಳಿಗೆ ಚುಚ್ಚುತ್ತದೆ. ಅದಕ್ಕೆ ಪುಟ್ಟ ಅಲ್ಯೂಮಿನಿಯಂ ಕ್ಯಾಪ್ ಇಟ್ಟು ಇಕ್ಕಳದಲ್ಲಿ ಎರಡು ಸಲ ಒತ್ತಬೇಕು. ಊರಿನ ಬೇರೆ ಅಂಗಡಿಯವರು ಒಂದು ಸಲ ಒತ್ತುತ್ತಾರೆ, ಇಲ್ಲವೇ ಕ್ಯಾಪ್ ಹಾಕುವುದೇ ಇಲ್ಲ. ನಮ್ಮಲ್ಲಿ ಎರಡು ಒತ್ತು. ತಪ್ಪಿದರೆ, ನಲವತ್ತು ಹತ್ತಿರ ಬಂದಿದ್ದರೂ ತಮ್ಮನ ತಲೆಗೆ ಮೊಟಕುತ್ತಿದ್ದೆ.

ಎದುರಿಗೆ ರಸ್ತೆಯಾಚೆ ಮೋಟಾರ್‌ಬೈಕ್ ಗ್ಯಾರೇಜ್. ಅದರ ಮಾಲೀಕನನ್ನು ನಾವು ಗೂಳಿ ಎಂದೇ ಕರೆಯುತ್ತಿದ್ದೆವು. ಕುತ್ತಿಗೆ ಹಾಗಿತ್ತು, ಬುದ್ಧಿಯೂ ಹಾಗೇ ಇತ್ತು. ಭಾನುವಾರ ಬೆಳಿಗ್ಗೆ ಎಂಟು ಹತ್ತು ಮಂದಿಯನ್ನು ಕಟ್ಟಿಕೊಂಡು ಡಾಂಬರು ರಸ್ತೆಯಲ್ಲಿ ಬೆಟ್ಟ ಹತ್ತುವನು, ಆಮೇಲೆ ನಮ್ಮ ಏಳನೇ ದಾರಿಯ ಬೋಳು ಇಳಿಜಾರಿನಲ್ಲಿ ಧೂಳೆಬ್ಬಿಸಿಕೊಂಡು ಇಳಿಯುವನು. ಯಾವಾಗಲೂ ಮುಂದೆ ಅವನೇ. ನಾವು ಕೈಯಿಂದ ಹರಡಿದ ಜಲ್ಲಿ ಎರಡೇ ವಾರದಲ್ಲಿ ಮೊಣಕಾಲುದ್ದ ಕೊರಕಲಾಯಿತು. ದಾರಿ ನೋಡಲು ನಮ್ಮ ಜೊತೆ ಬಂದಿದ್ದ ಟೀಚರೊಬ್ಬರು ಅದರಲ್ಲಿ ಬಿದ್ದು ಭುಜದ ಮೂಳೆ ಮುರಿದುಕೊಂಡರು. ನಾನು ಸೀದಾ ಗ್ಯಾರೇಜಿಗೆ ಹೋಗಿ ಸ್ಪ್ಯಾನರಿನಿಂದ ಅವನ ಬೈಕಿನ ಹೆಡ್‌ಲೈಟ್ ಒಡೆದೆ. ಅವನು ನನ್ನ ರಟ್ಟೆ ಹಿಡಿದು ದರದರ ಎಳೆದು ನಡುರಸ್ತೆಗೆ ತಳ್ಳಿದ. ಕೆಳಗಿನ ಹಲ್ಲೊಂದು ಅರ್ಧ ಮುರಿಯಿತು. ಬೀದಿಯವರೆಲ್ಲ ನೋಡುತ್ತಿದ್ದರು, ಒಬ್ಬರೂ ಹತ್ತಿರ ಬರಲಿಲ್ಲ.

"ಬೆಟ್ಟ ನಿಮ್ಮಪ್ಪ ಬರ್ಕೊಟ್ಟಿದ್ದಾನಾ?" ಎಂದು ಕೇಳಿದ.

ಆ ಮಾತು ಒಂದು ತಿಂಗಳು ಹೊಟ್ಟೆಯಲ್ಲಿ ಬೆಂದಿತು. ಅನ್ನ ನುಂಗುವಾಗಲೆಲ್ಲ ಮುರಿದ ಹಲ್ಲು ನಾಲಿಗೆಗೆ ತಾಗುತ್ತಿತ್ತು, ಅವನ ಮುಖ ಕಣ್ಣಮುಂದೆ ಬರುತ್ತಿತ್ತು. ಅವನು ನೆಲಕ್ಕೆ ಬಿದ್ದು ಹೊರಳುವುದನ್ನು ನೋಡಬೇಕಿತ್ತು ನನಗೆ, ಬೇರೇನೂ ಬೇಡವಾಗಿತ್ತು.

ಶನಿವಾರ ಸಂಜೆ ತಮ್ಮ ಮನೆಗೆ ಹೋದಮೇಲೆ ಎರಡು ಬ್ರೇಕ್ ವೈರ್ ಜೋಡಿಸಿಕೊಂಡು ಬೋಳು ಇಳಿಜಾರಿಗೆ ಹೋದೆ. ಅದರ ನಡುವೆ ಒಂದು ತಿರುವು. ತಿರುವಿನ ಕೆಳಗೇ ದಾರಿಯ ಎರಡೂ ಬದಿಗೆ ಒಂದೊಂದು ಮರ. ಬೈಕಿನ ಮೇಲೆ ಕೂತವನ ಎದೆಯ ಮಟ್ಟಕ್ಕೆ ಬಿಗಿಯಾಗಿ ಕಟ್ಟಿದೆ. ಎರಡು ಹೆಜ್ಜೆ ಹಿಂದೆ ಸರಿದು ನೋಡಿದರೆ ನನಗೇ ಕಾಣಲಿಲ್ಲ. ನಮ್ಮ ದಾರಿಯಲ್ಲಿ ಈ ಇಳಿಜಾರನ್ನು ಹತ್ತಬೇಕೇ ಹೊರತು ಇಳಿಯುವ ಹಾಗಿಲ್ಲ, ಹತ್ತುವವರೂ ಸೈಕಲ್ ತಳ್ಳಿಕೊಂಡೇ ನಡೆಯಬೇಕು. ದಾರಿ ಇನ್ನೂ ತೆರೆದೂ ಇಲ್ಲ, ತೆರೆಯುವುದು ಮುಂದಿನ ವಾರ. ಸಾಯುವುದಿದ್ದರೆ ಗೂಳಿಯೇ ಸಾಯುತ್ತಾನೆ ಎಂದುಕೊಂಡೆ. ಹೌದು, ಹಾಗೇ ಅಂದುಕೊಂಡೆ. ಈಗ ಮುಚ್ಚಿಟ್ಟು ಏನಾಗಬೇಕು?

ಭಾನುವಾರ ಎಂಟು ಗಂಟೆಗೇ ಅಂಗಡಿ ತೆರೆದು, ಕೈಯಲ್ಲೊಂದು ಚಕ್ರ ಹಿಡಿದುಕೊಂಡು, ಎದುರಿನ ಗ್ಯಾರೇಜನ್ನೇ ನೋಡುತ್ತ ಕೂತೆ. ಗೂಳಿ ಬೈಕಿನ ಚೈನಿಗೆ ಎಣ್ಣೆ ಬಿಡುತ್ತಿದ್ದ. ಅವನ ಪಟಾಲಂ ಇನ್ನೂ ಬಂದಿರಲಿಲ್ಲ. ಬೇಗ ಹೊರಡೋ, ನಿನ್ನ ಗ್ರಹಚಾರ ಕಾಯುತ್ತಿದೆ ಎಂದು ಮನಸ್ಸಿನಲ್ಲೇ ಹೇಳುತ್ತಿದ್ದೆ.

ಅಷ್ಟರಲ್ಲಿ ತಮ್ಮನ ಹೆಂಡತಿ ಬಂದಳು.

"ಅಕ್ಕಾ, ಇವರು ಊಟದ ಡಬ್ಬಿ ಬಿಟ್ಟೇ ಹೋಗಿದ್ದಾರೆ. ವಾಪಸ್ ಬಂದ್ರೆ ಕೊಟ್ಬಿಡಿ."

"ಎಲ್ಲಿಗೆ ಹೋದ?"

"ಬೆಟ್ಟಕ್ಕೆ. ಆರು ಗಂಟೆಗೇ ಸೈಕಲ್ ಹಾಕ್ಕೊಂಡು ಹಾಲಿನ ವ್ಯಾನ್ ಹತ್ತಿದ್ರು. ಇವತ್ತು ಉಲ್ಟಾ ಸವಾರಿ ಅಂತ ನೀವೇ ಬೋರ್ಡ್ ಮೇಲೆ ಬರೆದಿದ್ರಂತಲ್ಲ?"

ತಿರುಗಿ ನೋಡಿದೆ. ಗೋಡೆಯ ಬೋರ್ಡಿನ ಮೇಲೆ ನನ್ನದೇ ಅಕ್ಷರ, ಹದಿನೈದು ದಿನದ ಹಿಂದೆ ಬರೆದದ್ದು. ದಾರಿ ತೆರೆಯುವ ಮುಂಚಿನ ಭಾನುವಾರ ಅದನ್ನು ಕೊನೆಯಿಂದ ಮೊದಲಿಗೆ ಒಮ್ಮೆ ಓಡಿಸಲೇಬೇಕು. ದಾರಿ ತಪ್ಪಿ ಹಿಂದಕ್ಕೆ ಬರುವವನಿಗೂ ಬಾಣ ಕಾಣುತ್ತದೋ ಇಲ್ಲವೋ ಎಂದು ನೋಡುವುದಕ್ಕೆ. ಈ ನಿಯಮ ಬೇರೆ ಯಾವ ಅಂಗಡಿಯಲ್ಲೂ ಇಲ್ಲ. ಮಾಡಿದವಳು ನಾನು. ಉಲ್ಟಾ ಬಂದರೆ ಬೋಳು ಇಳಿಜಾರನ್ನು ಇಳಿಯಬೇಕು, ಮತ್ತು ನನ್ನ ತಮ್ಮ ಇಳಿಜಾರು ಸಿಕ್ಕಿದರೆ ಬ್ರೇಕ್ ಮುಟ್ಟುವವನಲ್ಲ. ಹ್ಯಾಂಡಲ್ಲಿಗೆ ಗದ್ದ ತಾಗಿಸಿಕೊಂಡು ಬಿಡುತ್ತಾನೆ. ಅವನ ಕುತ್ತಿಗೆ ಎಷ್ಟು ಎತ್ತರಕ್ಕೆ ಬರುತ್ತದೆ ಎಂದು ವೈರ್ ಕಟ್ಟಿದ ನನ್ನ ಕೈಗೆ ಗೊತ್ತಿತ್ತು.

ಬೆಟ್ಟದಲ್ಲಿ ಫೋನ್ ಸಿಗುವುದಿಲ್ಲ. ಸೈಕಲ್ಲಿನಲ್ಲಿ ಹೋದರೆ ಒಂದೂವರೆ ಗಂಟೆ. ರಸ್ತೆ ದಾಟಿ ಓಡಿದೆ.

"ಬೈಕ್ ತೆಗಿ," ಎಂದೆ ಗೂಳಿಗೆ. "ಬೋಳು ಇಳಿಜಾರಲ್ಲಿ ವೈರ್ ಕಟ್ಟಿದ್ದೀನಿ. ನನ್ನ ತಮ್ಮ ಮೇಲಿಂದ ಬರ್ತಿದ್ದಾನೆ."

"ವೈರಾ? ಯಾರಿಗೆ ಕಟ್ಟಿದ್ದೆ?"

"ನಿನಗೆ."

ಎಣ್ಣೆಗೈಯಿಂದ ಕಪಾಳಕ್ಕೆ ಬಾರಿಸಿದ. ಕಿವಿ ಗುಂಯ್ ಎಂದಿತು. ಇನ್ನೊಂದು ಕೊಡುತ್ತಾನೆ ಎಂದು ಅಲ್ಲೇ ನಿಂತೆ. ಅವನು ಕಿಕ್ ಹೊಡೆದು ಬೈಕ್ ಶುರು ಮಾಡಿದ.

"ಹತ್ತು," ಎಂದ. "ಅವನಿಗೇನಾದ್ರೂ ಆದ್ರೆ ನಿನ್ನ ಅಲ್ಲೇ ಹೂಳ್ತೀನಿ."

ಇಪ್ಪತ್ತು ನಿಮಿಷದ ದಾರಿಯನ್ನು ಹತ್ತೇ ನಿಮಿಷದಲ್ಲಿ ಕ್ರಮಿಸಿದೆವು. ಅವನ ಬೆನ್ನಿಗೆ ಅಂಟಿಕೊಂಡು ಕೂತಿದ್ದೆ. ಕೊಲ್ಲಬೇಕೆಂದಿದ್ದವನ ಸೊಂಟವನ್ನು ಎರಡೂ ಕೈಯಲ್ಲಿ ತಬ್ಬಿದ್ದೆ. ಇಳಿಜಾರಿನ ಬುಡ ಮುಟ್ಟಿ ಅರ್ಧ ಹತ್ತಿದಾಗ, ಗೂಳಿ ಗೇರ್ ಬದಲಿಸಲು ಎಂಜಿನ್ ತಗ್ಗಿಸಿದ ಆ ಕ್ಷಣ, ಮೇಲಿನಿಂದ ಸದ್ದು ಕೇಳಿಸಿತು. ಪೆಡಲ್ ತುಳಿಯದೆ ಬಿಟ್ಟಾಗ ಹಿಂದಿನ ಚಕ್ರ ಕಿರ್ರೆನ್ನುವ ಸದ್ದು. ಆ ಚಕ್ರವನ್ನು ಜೋಡಿಸಿದವಳೂ ನಾನೇ.

"ಎಲ್ಲಿ?" ಎಂದು ಕೂಗಿದ.

"ಅಲ್ಲಿ, ಆ ಎರಡು ಮರ."

ಮೊಣಕೈಯಿಂದ ನನ್ನ ಎದೆಗೆ ಗುದ್ದಿ ಕೆಳಗೆ ಬೀಳಿಸಿದ. ಜಲ್ಲಿಯ ಮೇಲೆ ಉರುಳಿ ತಲೆ ಎತ್ತಿದೆ. ಗೂಳಿ ವೇಗ ಕಡಿಮೆ ಮಾಡಲಿಲ್ಲ. ಬೈಕಿನ ಮುಂದಿನ ಚಕ್ರವನ್ನು ಗಾಳಿಗೆ ಎತ್ತಿ ವೈರಿಗೆ ನುಗ್ಗಿಸಿದ. ವೈರ್ ಹ್ಯಾಂಡಲ್ಲಿಗೆ ಸಿಕ್ಕಿತು, ಬಲಗಡೆಯ ಮರದ ಗಂಟು ಕಿತ್ತುಬಂತು, ಬಂದ ರಭಸಕ್ಕೆ ಅವನ ಮುಖಕ್ಕೆ ಹೊಡೆಯಿತು. ಬೈಕ್ ಪಲ್ಟಿಯಾಗಿ ಇಳಿಜಾರಿನ ಪಕ್ಕದ ಹಳ್ಳಕ್ಕೆ ಹೋಯಿತು. ಅವನು ದಾರಿಯಲ್ಲೇ ಬಿದ್ದ. ಬಾಯಿಯ ಮೂಲೆಯಿಂದ ಕಿವಿಯ ತನಕ ಕೆನ್ನೆ ಸೀಳಿತ್ತು, ದವಡೆಯ ಹಲ್ಲು ಹೊರಗಿನಿಂದಲೇ ಕಾಣುತ್ತಿತ್ತು.

ಮರುಕ್ಷಣ ತಿರುವಿನಿಂದ ತಮ್ಮ ಬಂದ. ಬಿದ್ದವನನ್ನು ನೋಡಿ ಬ್ರೇಕ್ ಹಿಡಿದ, ಜಾರಿದ, ಉಜ್ಜಿಕೊಂಡು ಬಂದು ಮರದ ಬುಡಕ್ಕೆ ತಾಗಿದ. ಎದ್ದು ನಿಂತ. ಮೊಣಕೈ ಮೊಣಕಾಲು ತರಚಿಹೋಗಿದ್ದವು, ಕುತ್ತಿಗೆ ಸರಿಯಾಗಿತ್ತು. ನಾನು ಆ ಕುತ್ತಿಗೆಯನ್ನೇ ನೋಡಿದೆ.

ಅವನು ಮರ ನೋಡಿದ, ನೇತಾಡುವ ವೈರ್ ನೋಡಿದ, ಗೂಳಿಯನ್ನು ನೋಡಿದ. ಲೆಕ್ಕ ಹಾಕಲು ಎಷ್ಟು ಹೊತ್ತು ಬೇಕು? ನಮ್ಮ ದಾರಿಗೆ ವೈರ್ ಕಟ್ಟುವವನು ಗೂಳಿಯಲ್ಲದೆ ಇನ್ಯಾರು ಎಂದುಕೊಂಡ.

"ಜೀವ ತೆಗೆಯೋಕೆ ಬಂದ್ಯೇನೋ, ಬೋಳಿಮಗನೆ," ಎಂದು ಸೈಕಲ್ಲಿನ ಪಂಪ್ ಕಿತ್ತು ಹೊಡೆದ. ಮೊದಲ ಏಟು ಭುಜಕ್ಕೆ, ಎರಡನೆಯದು ಪಕ್ಕೆಲುಬಿಗೆ. ಗೂಳಿಯ ಬಾಯಿ ಕೆಲಸ ಮಾಡುತ್ತಿರಲಿಲ್ಲ. ಒಂದು ಕೈಯಲ್ಲಿ ಕೆನ್ನೆ ಒತ್ತಿ ಹಿಡಿದಿದ್ದ. ಇನ್ನೊಂದು ಕೈ ಖಾಲಿ ಇತ್ತು. ನನ್ನ ಕಡೆ ಬೆರಳು ತೋರಿಸಿದ್ದರೆ ಸಾಕಿತ್ತು. ನನ್ನನ್ನೇ ನೋಡುತ್ತಿದ್ದ, ತೋರಿಸಲಿಲ್ಲ.

ನಾನು ಬಾಯಿ ಬಿಡಲಿಲ್ಲ. ಮೂರನೆಯ ಏಟೂ ಬಿತ್ತು. ಆಗಲೂ ಬಿಡಲಿಲ್ಲ. ಇದನ್ನು ಹೇಳುವಾಗ ನನಗೆ ನಾಚಿಕೆಯಾಗುತ್ತದೆ. ಎಲ್ಲ ಅವನ ತಲೆಗೇ ಕಟ್ಟಿ ಮನೆಗೆ ಹೋಗಬಹುದು ಎಂದು ನನ್ನೊಳಗೆ ಯಾರೋ ಹೇಳುತ್ತಿದ್ದರು, ನಾನು ಕೇಳುತ್ತಿದ್ದೆ.

ಪಂಪ್ ಮುರಿಯಿತು. ತಮ್ಮ ಅದನ್ನು ಬಿಸಾಕಿ, ವೈರಿನಿಂದಲೇ ಬಾರಿಸುತ್ತೇನೆ ಎಂದು ಬಗ್ಗಿ ಅದರ ತುದಿಯನ್ನು ಅಂಗೈಗೆ ಸುತ್ತಿಕೊಂಡ. ಸುತ್ತಿಕೊಂಡವನು ಹಾಗೇ ನಿಂತ. ಕತ್ತರಿಸಿದ ವೈರ್ ಕೈಗೆ ಚುಚ್ಚಬೇಕಿತ್ತು, ಚುಚ್ಚಿರಲಿಲ್ಲ. ಮುಷ್ಟಿ ಬಿಚ್ಚಿ ನೋಡಿದ. ತುದಿಯಲ್ಲಿ ಪುಟ್ಟ ಕ್ಯಾಪ್ ಇತ್ತು, ಅದರ ಮೇಲೆ ಇಕ್ಕಳದ ಎರಡು ಒತ್ತು.

"ಅಕ್ಕಾ," ಎಂದ.

"ನಾನೇ," ಎಂದೆ. "ಅವನಿಗೆ ಅಂತ ಕಟ್ಟಿದ್ದೆ. ನೀನು ಬರ್ತೀಯ ಅನ್ನೋದು ಮರೆತೇಬಿಟ್ಟಿದ್ದೆ ಕಣೋ. ನಿನ್ನ ಉಳಿಸೋಕೆ ಅಂತ ಅವನೇ ಅದಕ್ಕೆ ನುಗ್ಗಿದ."

ಹೊಡೆಯುತ್ತಾನೆ ಅಂದುಕೊಂಡೆ. ಹೊಡೆದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಅವನು ವೈರ್ ಕೆಳಗೆ ಹಾಕಿ, ಅಂಗಿ ಬಿಚ್ಚಿ, ಗೂಳಿಯ ಪಕ್ಕ ಕೂತು ಆ ಕೆನ್ನೆಗೆ ಒತ್ತಿ ಹಿಡಿದ. ನಾನು ಹತ್ತಿರ ಹೋದೆ.

"ನೀನು ಮುಟ್ಬೇಡ," ಎಂದ.

ಪೊಲೀಸರ ಮುಂದೆ ನಾನೇ ಹೋಗಿ ಹೇಳಿದೆ. ಎಂಟು ತಿಂಗಳು ಒಳಗಿದ್ದು ಬಂದೆ. ಏಳನೇ ದಾರಿ ತೆರೆಯಲೇ ಇಲ್ಲ. ಅಂಗಡಿ ಇದೆ, ಪಂಕ್ಚರ್ ಹಾಕಿಸಿಕೊಳ್ಳಲು ಜನ ಬರುತ್ತಾರೆ. ಗೂಳಿಯ ಕೆನ್ನೆಯಲ್ಲಿ ಗೆರೆ ಉಳಿದಿದೆ, ಮಾತು ಸ್ವಲ್ಪ ತೊದಲುತ್ತದೆ. ತಮ್ಮ ಆ ವಾರವೇ ತನ್ನ ಸ್ಪ್ಯಾನರುಗಳನ್ನು ಚೀಲಕ್ಕೆ ತುಂಬಿಕೊಂಡು ರಸ್ತೆ ದಾಟಿದ್ದ. ಈಗ ಗ್ಯಾರೇಜಿನಲ್ಲಿ ಬೈಕುಗಳ ಕ್ಲಚ್ ವೈರ್ ಹಾಕುತ್ತಾನೆ. ನಾನು ಕೂತಲ್ಲಿಂದ ಅವನ ಕೈ ಕಾಣುತ್ತದೆ. ತುದಿಗೆ ಕ್ಯಾಪ್ ಇಟ್ಟು ಒತ್ತುತ್ತಾನೆ. ಒಂದೇ ಸಲ.