ಅಕ್ರೋಟು ನೀರಿನಲ್ಲಿ ಅದ್ದಿದ ಪಟ್ಟಿ

ಜಿಂಕೆಯೂ ಸಾಯಬೇಕು ಪಟ್ಟಿಯೂ ಹರಿಯಬಾರದು ಅಂತ ಯಾವ ಹಿರಿಯರೂ ಹೇಳಿಲ್ಲ, ನಾನೇ ಹೇಳುತ್ತಿದ್ದೇನೆ, ನೆಲದಿಂದ ಇಪ್ಪತ್ತಡಿ ಮೇಲೆ, ಓಕ್ ಮರದ ಬೆನ್ನಿಗೆ ಬೆನ್ನು ಕೊಟ್ಟು ಕೂತು— ಮತ್ತೆ ಆ ಟಿಕ್, ಕಾಲಡಿಯಲ್ಲೋ ತಲೆಯ ಮೇಲೋ, ಚಳಿಗೆ ಕಬ್ಬಿಣ ಮೈಮುರಿಯಿತೋ ಅಥವಾ— ಬೇಡ, ಆ ಅಥವಾ ಬೇಡ, ಇಳಿದ ಮೇಲೆ ಈ ಕಥೆಯನ್ನು ಒಂದಕ್ಷರ ಸುಳ್ಳು ಬೆರೆಸದೆ ಹೇಳುತ್ತೇನೆ, ನನ್ನ ಬಾಯಿಂದ ಬರುವ ಮೊದಲ ನಿಜ ಕಥೆ ಇದೇ ಆಗುತ್ತದೆ, ಇಳಿಯುವುದು ಏಣಿಯಿಂದಲೇ ಆದರೆ. ತಲೆಯ ಮೇಲಿನ ಪಟ್ಟಿಯ ತುದಿಯಲ್ಲಿ ಒಂದು ಬಿಳಿ ಎಳೆ ಅಲ್ಲಾಡುತ್ತಿದೆ. ಕೂದಲಿನಷ್ಟು. ಬೆಳಕು ಬಂದಾಗಿನಿಂದ ಅದನ್ನೇ ನೋಡುತ್ತಿದ್ದೇನೆ. ಮೂರು ನೈಲಾನ್ ಪಟ್ಟಿಗಳು: ಬೇಟೆಗೆ ಕೂರುವ ಈ ಕಬ್ಬಿಣದ ಅಟ್ಟಣೆಯನ್ನು ಮರಕ್ಕೆ ಬಿಗಿದ ಮೇಲಿನದು, ಕೆಳಗಿನದು, ಮತ್ತೆ ನನ್ನ ಎದೆ ತೊಡೆಗೆ ಸುತ್ತಿದ ಬೆಲ್ಟನ್ನು ಹಿಡಿದಿರುವ ಈ ತಲೆಯ ಮೇಲಿನದು. ಎರಡು ಹೊಸವು. ಒಂದು ಐದು ವರ್ಷ ಬಿಸಿಲು ಮಂಜು ತಿಂದು ಅಳಿಲಿನ ಹಲ್ಲಿಗೂ ಸಿಕ್ಕಿದ್ದು. ಅದನ್ನು ಇಲ್ಲಿ ಕಟ್ಟಿದವನು ನಾನೇ, ಮೊನ್ನೆ ಗುರುವಾರ, ಮಾವ ಹಲ್ಲಿನ ಡಾಕ್ಟರ ಬಳಿ ಹೋಗಿದ್ದಾಗ, ಮಾವನ ಮರಕ್ಕೆ. ತಮಾಷೆಗೆ.

ಓರ್ಲಿನ್ ಮಾವ ಮೂವತ್ತೊಂದು ವರ್ಷ ಕರೆಂಟು ಕಂಬ ಹತ್ತಿದ ಮನುಷ್ಯ, ಪಟ್ಟಿ ಎಂದರೆ ಅವರಿಗೆ ಹೆಂಡತಿಗಿಂತ ಹತ್ತಿರ— ಪ್ರತಿ ವರ್ಷ ಬೇಟೆಗೆ ಮುಂಚೆ ಎಲ್ಲ ಮರಗಳ ಪಟ್ಟಿ ಬಿಚ್ಚಿ, ಹೊಸದು ಕಟ್ಟಿ, ತುದಿಯಲ್ಲಿ ಕಪ್ಪು ಪೆನ್ನಿನಿಂದ ಇಸವಿ ಬರೆದು, ಹಳೆಯದನ್ನು ಚಾಕುವಿನಿಂದ ಎರಡು ತುಂಡು ಮಾಡಿಯೇ ಕಸಕ್ಕೆ ಹಾಕುವುದು. ಕತ್ತರಿಸದೆ ಬಿಸಾಕಿದ ಪಟ್ಟಿ ಇನ್ನೊಬ್ಬನ ಮರ ಹತ್ತುತ್ತೆ ಅಳಿಯಂದ್ರೆ, ಅನ್ನುತ್ತಾರೆ. ಮರ ದಪ್ಪ ಆಗುತ್ತೆ, ಪಟ್ಟಿ ದಪ್ಪ ಆಗಲ್ಲ, ಒಳಗೊಳಗೇ ಹರೀತದೆ, ಹೊರಗೆ ಬಿಗಿಯಾಗೇ ಕಾಣ್ತದೆ. ಆ ಮೂಗಿನ ಸ್ವರ, ಅಳಿಯಂದ್ರೆ ಅನ್ನುವಾಗ ಕೊನೆಗೆ ಎಳೆಯುವ ರಾಗ, ನಾನು ಎಷ್ಟು ಸಲ ಅನುಕರಿಸಿ ತೋರಿಸಿಲ್ಲ, ನನ್ನ ಹೆಂಡತಿ ಜೆನೀನ್ ಅಪ್ಪನ ದನಿ ಕೇಳಿ ಅಡುಗೆಮನೆಯಿಂದ ಓಡಿಬಂದು ನನ್ನನ್ನು ಕಂಡು ಸೌಟಿನಿಂದ ಹೊಡೆದಿದ್ದಳು. ಅವರ ದನಿ ಬರುತ್ತದೆ, ಅವರ ನಡಿಗೆ ಬರುತ್ತದೆ, ಅವರ ಕೈಬರಹವೂ ಬರುತ್ತದೆ. ಐದು ವರ್ಷದ ಹಿಂದೆ ಕಸದ ಡಬ್ಬಿಗೆ ಹೋಗಬೇಕಿದ್ದ ಒಂದು ಪಟ್ಟಿಯನ್ನು ಎಗರಿಸಿ ಸೌದೆ ರಾಶಿಗೆ ಕಟ್ಟಿದ್ದೆ, ಈಗ ಅದನ್ನೇ ಬಿಚ್ಚಿ, ಕೊಟ್ಟಿಗೆಯ ಹಿಂದೆ ಕಾಡು ಅಕ್ರೋಟಿನ ಸಿಪ್ಪೆ ಕುದಿಸಿ, ಬೋನು ಹಾಕುವವರು ಬೋನಿಗೆ ಬಣ್ಣ ಹಾಕುತ್ತಾರಲ್ಲ ಹಾಗೆ ಎರಡು ದಿನ ಅದ್ದಿಟ್ಟೆ, ಮಾಸಿದ್ದೆಲ್ಲ ಕಡುಕಂದು, ಅಂಗಡಿಯಿಂದ ಈಗ ಬಂದ ಹಾಗೆ, ಮೇಲೆ ಮಾವನದೇ ಅಕ್ಷರದಲ್ಲಿ ಈ ವರ್ಷದ ಇಸವಿ. ಬದಲಿಸಿದ್ದು ಕೆಳಗಿನದು ಒಂದೇ ತಾನೆ, ಮೇಲಿನದು ಹಿಡಿಯುತ್ತದೆ, ಬೆಲ್ಟೂ ಇರುತ್ತದೆ, ಏನಾಗುತ್ತದೆ— ಸಂಜೆ ಊಟಕ್ಕೆ ಕೂತಾಗ ಎದ್ದು ನಿಂತು ಅವರ ದನಿಯಲ್ಲೇ ಹೇಳುವುದು, ಅಳಿಯಂದ್ರೆ, ಇವತ್ತಿಡೀ ನಾನು ಕೂತಿದ್ದು ಐದು ವರ್ಷದ ಪಟ್ಟಿ ಮೇಲೆ, ಸತ್ತಿಲ್ಲ ನೋಡಿ. ಎಲ್ಲ ನಗುತ್ತಾರೆ. ಗುನ್ನಾರ್ ಕೂಡ. ಗುನ್ನಾರ್— ಮಾವನ ತಮ್ಮ, ಗಾಲಿಕುರ್ಚಿಯಲ್ಲಿ ಕೂತೇ ಮಾಂಸದ ಸಾರು ತಿರುವುವ ಗುನ್ನಾರ್, ಬಿದ್ದದ್ದು ಹದಿನಾಲ್ಕಡಿಯಿಂದ, ಮೇಪಲ್ ಮರ, ಪಟ್ಟಿ ಹೊರಗೆ ಬಿಗಿಯಾಗೇ ಇತ್ತಂತೆ. ಅವನ ನೆನಪು ನನಗೆ ಸಿಪ್ಪೆ ಕುದಿಸುವಾಗ ಯಾಕೆ ಬರಲಿಲ್ಲ.

ಬೆಳಗಿನ ಜಾವ ದಾರಿ ಕವಲೊಡೆಯುವಲ್ಲಿ ಮಾವ ನಿಂತರು. ಗಾಳಿಯ ದಿಕ್ಕು ನೋಡಲು ಎಕ್ಕದ ಕಾಯಿಯಂಥ ಒಂದು ಕಾಡುಕಾಯಿ ಬಿಡಿಸಿ ಹತ್ತಿಯ ಎಳೆ ಒಂದಿಷ್ಟು ಗಾಳಿಗೆ ಊದಿದರು, ಟಾರ್ಚಿನ ಬೆಳಕಿನಲ್ಲಿ ಅದು ನನ್ನ ತೋಳಿನ ಕಡೆಗೇ ತೇಲಿತು. ಗಾಳಿ ತಿರುಗಿದೆ, ನನ್ನ ಮರಕ್ಕೆ ನೀವು ಹೋಗಿ ಅಳಿಯಂದ್ರೆ, ನಿಮ್ಮದು ಹತ್ತಿರ, ನನ್ನ ಮಂಡಿಗೆ ಅದೇ ಸಾಕು. ಕವಲು ದಾಟಿದ ಮೇಲೆ ಯಾರೂ ಮಾತಾಡುವಂತಿಲ್ಲ, ಈ ಕಣಿವೆಯಲ್ಲಿ ಬೇಟೆ ತೆರೆಯುವ ಮೊದಲ ಬೆಳಗಿನ ಕಟ್ಟಳೆ ಅದು, ಬಾಯಿಬಿಟ್ಟವನಿಗೆ ವರ್ಷವಿಡೀ ಚುಚ್ಚುಮಾತು ತಪ್ಪಿದ್ದಲ್ಲ. ನಾನು ಬಾಯಿ ತೆರೆದೆ, ಹಬೆ ಬಂತು, ಅವರಾಗಲೇ ದಾಟಿದ್ದರು. ಪರವಾಗಿಲ್ಲ, ಕೆಳಗಿನದು ಒಂದೇ ತಾನೆ ಅಂದುಕೊಂಡೇ ಹತ್ತಿದೆ. ಆದರೆ ಬೆಳಕು ಬಂದ ಮೇಲೆ ಬಗ್ಗಿ ನೋಡಿದರೆ ಕೆಳಗಿನ ಪಟ್ಟಿಯ ಕೊಂಡಿ ಬಲಕ್ಕಿದೆ. ನಾನು ಕಟ್ಟಿದ್ದು ಎಡಕ್ಕೆ. ಎಡಕ್ಕೇ, ನಾನು ಎಡಗೈಯವನು. ಯಾರೋ ಬಿಚ್ಚಿ ಕಟ್ಟಿದ್ದಾರೆ, ಹಾಗಾದರೆ ನನ್ನ ಹಳೆಯದು ಈಗ ಎಲ್ಲಿದೆ, ಸೊಂಟದ ಹತ್ತಿರವೋ, ತಲೆಯ ಮೇಲೋ, ಎಲ್ಲ ಒಂದೇ ಕಂದು, ಎಲ್ಲದರ ಮೇಲೂ ಒಂದೇ ಇಸವಿ, ಒಂದೇ ಬರಹ, ಯಾವುದು ಮಾವ ಬರೆದದ್ದು ಯಾವುದು ನಾನು ಮಾವನಾಗಿ ಬರೆದದ್ದು, ದೇವರೇ, ನಾನು ಇಷ್ಟು ಚೆನ್ನಾಗಿ ಬರೆಯಬಾರದಿತ್ತು. ಮೂಸಿ ನೋಡೋಣ, ಅಕ್ರೋಟಿಗೆ ವಾಸನೆ ಇರುತ್ತದೆ— ಕೈಗವಸು ಕಳಚಿದೆ, ನನ್ನ ಬೆರಳೇ ಅಕ್ರೋಟು ವಾಸನೆ. ಬೆರಳು. ಉಗುರಿನವರೆಗೂ ಕಪ್ಪು, ಸೋಪಿಗೂ ಹೋಗದ, ವಾರಗಟ್ಟಲೆ ಹೋಗದ ಕಪ್ಪು. ನಿನ್ನೆ ರಾತ್ರಿ ಊಟದಲ್ಲಿ ಚೀಸಿಗೆ ಕೈ ಚಾಚಿದಾಗ ಮಾವ ನೋಡಿದ್ದರು. ಬೆರಳಿಗೇನಾಯ್ತು ಅಳಿಯಂದ್ರೆ. ಬಂದೂಕಿಗೆ ಎಣ್ಣೆ ಹಾಕ್ದೆ ಮಾವ. ಓ, ಎಣ್ಣೆ. ಹುಡುಗನಾಗಿದ್ದಾಗ ಬೋನು ಹಾಕುತ್ತಿದ್ದ ಮನುಷ್ಯ ಅವರು. ಓ, ಎಣ್ಣೆ, ಅಂದು ಚೀಸಿನ ತಟ್ಟೆ ನನ್ನ ಕಡೆಗೇ ತಳ್ಳಿದ್ದರು.

ಟಿಕ್. ಬಿಳಿ ಎಳೆ ಅಲ್ಲಾಡುತ್ತಿದೆ, ಈಗ ಜೋರಾಗಿ. ಇಳಿಯಬೇಕೆಂದರೆ ತಿರುಗಬೇಕು, ತಿರುಗಿದರೆ ಭಾರವೆಲ್ಲ ಹಲಗೆಯ ಅಂಚಿಗೆ. ಫೋನ್ ಮಾಡಬಹುದು, ಮಾಡಿ ಏನನ್ನಲಿ, ಮಾವ, ಎಪ್ಪತ್ತೊಂದು ವರ್ಷದ ನಿಮ್ಮನ್ನು ನಗಿಸೋಣ ಅಂತ ಕೊಲ್ಲಲು ಹೊರಟಿದ್ದೆ, ಈಗ ನಾನೇ ಸಿಕ್ಕಿಕೊಂಡಿದ್ದೇನೆ, ಬನ್ನಿ. ಅಷ್ಟರಲ್ಲಿ ಅದು ಬಂದಿತು, ಎದುರಿನ ಜವುಗಿನಿಂದ, ಹತ್ತು ಕವಲಿನ ಕೊಂಬು, ಮೂಗಿನಿಂದ ಹಬೆ, ನಲವತ್ತು ಹೆಜ್ಜೆ, ಇಂಥದ್ದಕ್ಕಾಗಿ ಒಂಬತ್ತು ವರ್ಷ ಕಾದಿದ್ದೇನೆ, ಬಂದೂಕು ತೊಡೆಯ ಮೇಲಿದೆ, ಎತ್ತಿ ಗುಂಡು ಹಾರಿಸಿದರೆ ಹಿಂದಕ್ಕೆ ಒದೆಯುತ್ತದೆ, ಒದ್ದರೆ ಪಟ್ಟಿ— ಮಾವನೂ ಇದನ್ನೇ ಕಂಡು ಇಲ್ಲೇ ಬಂದೂಕು ಎತ್ತುತ್ತಿದ್ದರು. ಇವತ್ತು. ಕೆಳಗಿನದರ ಮೇಲೆ ಕಾಲೂರಿ. ಮಾವಾ. ಕೂಗಿದವನು ನಾನು, ಯಾರ ದನಿಯಲ್ಲೂ ಅಲ್ಲ, ನನ್ನದೇ, ಒಡೆದದ್ದು, ನನಗೇ ಪರಿಚಯವಿಲ್ಲದ್ದು. ಮಾವಾ, ನಾನ್ ಹಳೇ ಪಟ್ಟಿ ಕಟ್ಟಿದ್ದೆ, ನಿಮ್ಮ ಮರಕ್ಕೆ ಕಟ್ಟಿದ್ದೆ. ಜಿಂಕೆ ಬಾಲ ಎತ್ತಿ ಹಾರಿ ಹೋಯಿತು, ಇಡೀ ಕಣಿವೆ ಕೇಳಿರಬೇಕು. ಇಲ್ಲೇ ಇದೀನಿ, ಯಾಕೆ ಕಿರುಚ್ತೀರಿ. ಬಿದ್ದ ದಿಮ್ಮಿಯ ಹಿಂದಿನಿಂದ ಮಾವನ ಕಿತ್ತಳೆ ಟೋಪಿ ಎದ್ದಿತು, ಮೂವತ್ತು ಹೆಜ್ಜೆ ದೂರದಿಂದ, ಕೈಯಲ್ಲಿ ಕಾಫಿ ಫ್ಲಾಸ್ಕು, ಬೆಳಗಿನಿಂದ ಅಲ್ಲೇ ಕೂತಿದ್ದರೋ ಏನೋ, ಇಳೀರಿ ಅಳಿಯಂದ್ರೆ, ಮೂರೂ ಹೊಸವು, ನಿನ್ನೆ ಬೆಳಿಗ್ಗೆ ನಾನೇ ಕಟ್ಟಿದ್ದು, ಓಕ್ ಕಾಯಿ ಬಿದ್ರೂ ಟಿಕ್ ಅಂತದೆ ಈ ಹಲಗೆ. ಎದ್ದು ತಲೆಯ ಮೇಲಿನ ಬಿಳಿ ಎಳೆಯನ್ನು ಮುಟ್ಟಿದೆ, ಅದು ಪಟ್ಟಿಯದಲ್ಲ, ಮಾವ ಊದಿದ ಹತ್ತಿ, ನನ್ನ ತೋಳಿಗಂಟಿ ಬಂದು ಅಲ್ಲಿ ಸಿಕ್ಕಿಕೊಂಡದ್ದು, ಬೆರಳಿಗೆ ಬಂದು ಹಾರಿಹೋಯಿತು. ನಗು ಬಂತು, ಮೊದಲು ಮೂಗಿನಿಂದ, ಆಮೇಲೆ ಹೊಟ್ಟೆಯಿಂದ, ಏಣಿಯ ಒಂದೊಂದು ಮೆಟ್ಟಿಲಿಗೂ ನಗು, ನೆಲಕ್ಕೆ ಕಾಲು ತಾಗಿದಾಗ ಕುಕ್ಕರಿಸಿ ಕೂತು ನಗುತ್ತಿದ್ದೆ, ಜೋರಾಗಿ, ಕಣ್ಣೀರು ಬರುವ ಹಾಗೆ, ಕತ್ತರಿಸಿಬಿಟ್ರಾ ಮಾವ ನನ್ನ ಪಟ್ಟಿನ, ಎಂಥ ಬಣ್ಣ ಹಾಕಿದ್ದೆ ಅದಕ್ಕೆ. ಅವರು ನಗಲಿಲ್ಲ. ಕತ್ತರಿಸ್ಲಿಲ್ಲ. ಬಿಚ್ಚೋಕೆ ಮುಂಚೆ ಹಲಗೆ ಮೇಲೆ ಒಂದು ಕಾಲು ಊರಿ ನೋಡ್ದೆ, ಅಷ್ಟೇ. ಜೇಬಿನಿಂದ ಎರಡು ತುಂಡು ತೆಗೆದು ನನ್ನ ಅಂಗೈಯಲ್ಲಿ ಇಟ್ಟರು. ಚಾಕುವಿನ ಅಂಚು ನೇರ ಇರುತ್ತದೆ. ಇದು ನೇರ ಇಲ್ಲ. ಕಂದು ಬಣ್ಣ ಹೊರಗಷ್ಟೇ, ಒಳಗೆ ಬಣ್ಣ ಇಳಿದೇ ಇಲ್ಲ, ನನ್ನ ಕಪ್ಪು ಬೆರಳುಗಳ ನಡುವೆ ಗಾಳಿಗೆ ಅಲ್ಲಾಡುತ್ತಿವೆ, ಬಿಳಿ ಎಳೆ, ಬಿಳಿ ಎಳೆ, ಬಿಳಿ ಎಳೆ—