ಮೇಘಶ್ರೀಯ ತಲೆಗೆ ಟ್ರೇ ತೊಳೆಯುವ ನೀರು

ಹೇನು ಯಾರ ಮನೆಗೆ ಬಂದಿಲ್ಲ ಹೇಳಿ? ಬಂದಾಗ ಮಾತ್ರ ನಾವು ನಮ್ಮ ತಲೆ ಬಿಟ್ಟು ಪಕ್ಕದ ಮನೆಯವರ ತಲೆ ನೋಡುತ್ತೇವೆ. ರಾಮನಾಥಪುರದ ಹತ್ತಿರದ ಒಂದು ಊರಿನಲ್ಲೂ ಹಾಗೇ ಆಯಿತು.

ಆ ಊರಿನ ಕೃಷ್ಣಪ್ಪ ತಂಬಾಕು ಬೆಳೆಗಾರ. ಅವನ ಮಗಳು ಮೇಘಶ್ರೀ ಐದನೇ ಕ್ಲಾಸು. ತಾಯಿ ತೀರಿಕೊಂಡು ವರ್ಷದ ಮೇಲಾಗಿದೆ. ತಾಯಿ ಇದ್ದಾಗ ಸಂಜೆಯಾದರೆ ಜಗುಲಿಯ ಮೇಲೆ ಮಗಳನ್ನು ಕೂರಿಸಿಕೊಂಡು ಎಣ್ಣೆ ಹಚ್ಚಿ, ಹೇನು ನೋಡಿ, ಜಡೆ ಹಾಕುತ್ತಿದ್ದಳು. ಈಗ ಹುಡುಗಿ ತಾನೇ ಕೈಗೆ ಸಿಕ್ಕಷ್ಟು ಬಾಚಿಕೊಂಡು ರಬ್ಬರ್ ಬ್ಯಾಂಡ್ ಸುತ್ತಿಕೊಳ್ಳುತ್ತಾಳೆ.

ಕೃಷ್ಣಪ್ಪ ಕೆಟ್ಟ ತಂದೆಯಲ್ಲ. ಮಗಳಿಗೆ ಹೊತ್ತು ಹೊತ್ತಿಗೆ ಅನ್ನ ಹಾಕಿದ, ಬಟ್ಟೆ ಕೊಡಿಸಿದ, ಕೇಳಿದ ಶಾಂಪೂ ತಂದುಕೊಟ್ಟ. ತಲೆ ಮಾತ್ರ ಮುಟ್ಟಲಿಲ್ಲ. ಅದು ಹೆಂಡತಿಯ ಕೆಲಸವಾಗಿತ್ತು. ತಾನು ಬಾಚಣಿಗೆ ಹಿಡಿದರೆ ಅವಳು ಇನ್ನು ಬರುವುದಿಲ್ಲ ಎಂದು ಒಪ್ಪಿಕೊಂಡಂತಾಗುತ್ತದೆ ಅಂತ ಅವನಿಗೆ ಅನ್ನಿಸುತ್ತಿತ್ತೋ ಏನೋ. ಒಂದೇ ಮನೆಯಲ್ಲಿ ಇಬ್ಬರೂ ಒಂಟಿಯಾಗಿದ್ದರು.

ಹೀಗಿರುವಾಗ ಮೇಘಶ್ರೀಯ ತಲೆಯಲ್ಲಿ ಹೇನು ಹೆಚ್ಚಿತು. ಪಕ್ಕದ ಮನೆಯ ಚಿಕ್ಕಲಕ್ಷ್ಮಮ್ಮ ತನ್ನ ಮೊಮ್ಮಗಳು ಇಂಚರಳನ್ನು ರಟ್ಟೆ ಹಿಡಿದು ಒಳಗೆ ಎಳೆದುಕೊಂಡಳು.

"ಅವಳ ಜೊತೆ ಆಡ್ಬೇಡ ಅಂತ ಎಷ್ಟು ಸಲ ಯೋಳ್ಳಿ? ತಲೆ ತುಂಬ ಹೇನು!"

ಶಾಲೆಗೂ ಸುದ್ದಿ ಹೋಯಿತು. ಬೆಂಚಿನಲ್ಲಿದ್ದ ಹುಡುಗಿಯರು ಒಬ್ಬೊಬ್ಬರಾಗಿ ಎದ್ದು ಬೇರೆ ಕಡೆ ಕೂತರು. ಮಧ್ಯಾಹ್ನದ ಊಟಕ್ಕೂ ಮೇಘಶ್ರೀ ಗೋಡೆ ಪಕ್ಕ ಒಬ್ಬಳೇ. ಒಂದು ದಿನ ಬೆಳಿಗ್ಗೆ ಅವಳು ಬ್ಯಾಗು ಮುಟ್ಟಲಿಲ್ಲ.

"ನಾ ಇಸ್ಕೂಲಿಗೆ ಓಗಕ್ಕಿಲ್ಲ ಕಣಪ್ಪ. ನನ್ನ ಪಕ್ಕ ಯಾರೂ ಕೂರಕ್ಕಿಲ್ಲ."

ಕೃಷ್ಣಪ್ಪ ಆಗ ಅಂಗಳದಲ್ಲಿ ತಂಬಾಕಿನ ಸಸಿ ಬೆಳೆಸುವ ಪ್ಲಾಸ್ಟಿಕ್ ಟ್ರೇಗಳನ್ನು ತೊಳೆಯುತ್ತಿದ್ದ. ಹಳೇ ಟ್ರೇಯಲ್ಲಿ ರೋಗ ಉಳಿಯಬಾರದೆಂದು ಬ್ಲೀಚಿಂಗ್ ಪೌಡರ್ ಕಲಸಿದ ನೀರಿನಲ್ಲಿ ಅದ್ದಿ ತೆಗೆಯುವುದು ಅಲ್ಲಿಯ ಬೆಳೆಗಾರರ ಪದ್ಧತಿ. ಕೆಲಸಕ್ಕೆ ಜೊತೆಯಾಗಿದ್ದ ಕೆಂಪಣ್ಣ ಸಲಹೆ ಕೊಟ್ಟ.

"ಅದಕ್ಯಾಕ್ಲಾ ಯೋಚ್ನೆ? ಹಾಸನ್ದಲ್ಲಿ ಈಜುಕೊಳಕ್ಕೆ ಆಕೋದೂ ಇಂಥ ಪುಡೀನೇ ಕಣ್ಲಾ. ಅಲ್ಲಿ ಈಜೋ ಮಕ್ಕಳ ತಲೇಲಿ ಒಂದು ಹೇನೂ ಉಳಿಯಕ್ಕಿಲ್ವಂತೆ."

ಕೃಷ್ಣಪ್ಪನಿಗೆ ಹೌದೆನ್ನಿಸಿತು. ಟ್ರೇಗೆ ಹಿಡಿದ ರೋಗವನ್ನೇ ಕೊಲ್ಲುವ ನೀರಿಗೆ ಹೇನು ಯಾವ ಲೆಕ್ಕ? ತಂಬಿಗೆಯಲ್ಲಿ ಅದೇ ನೀರು ಮೊಗೆದುಕೊಂಡ.

"ಮೇಘಾ, ಬಾ ಇಲ್ಲಿ. ಕಣ್ಣು ಮುಚ್ಕಂಡು ಬಗ್ಗು."

"ಮೂಗು ಉರೀತದೆ ಕಣಪ್ಪ."

"ಒಂದ್ಗಳಿಗೆ ತಡ್ಕೊ ಮಗಾ. ನಾಳೆಯಿಂದ ಎಲ್ರೂ ನಿನ್ನ ಪಕ್ಕ ಕೂತ್ಕತಾರೆ."

ಆ ಮಾತು ಕೇಳಿದ್ದೇ ಹುಡುಗಿ ಸುಮ್ಮನೆ ಬಗ್ಗಿದಳು. ಪಕ್ಕದಲ್ಲಿ ಯಾರಾದರೂ ಕೂರುತ್ತಾರೆ ಅಂದರೆ ಆ ಮಗು ಕೆಂಡ ಸುರಿದರೂ ತಲೆ ಒಡ್ಡುತ್ತಿತ್ತು.

ಪುಣ್ಯಕ್ಕೆ ಅದೇ ಹೊತ್ತಿಗೆ ಆರೋಗ್ಯ ಉಪಕೇಂದ್ರದ ನರ್ಸ್ ನೇತ್ರಾ ಚಿಕ್ಕಲಕ್ಷ್ಮಮ್ಮನ ಬಿ.ಪಿ. ನೋಡಲು ಬಂದಿದ್ದರು. ಘಾಟು ಬಡಿದು ಈ ಕಡೆ ತಿರುಗಿದವರೇ ಓಡಿ ಬಂದರು.

"ಕೃಷ್ಣಪ್ಪಣ್ಣ, ತಂಬಿಗೆ ಕೆಳಗಿಡಿ! ಕಣ್ಣಿಗೆ ಬಿದ್ರೆ ಮಗು ಗತಿ ಏನು?"

"ಹೇನಿಗೆ ಸಿಸ್ಟರ್. ಈಜುಕೊಳಕ್ಕೂ ಇದ್ನೇ ಆಕ್ತಾರಲ್ಲ?"

ನೇತ್ರಾ ಬೈಯಲಿಲ್ಲ. ಬೇರೆ ಬಕೆಟ್ಟಿಗೆ ಒಳ್ಳೆಯ ನೀರು ತುಂಬಿಸಿ, ಒಂದು ಚಿಟಿಕೆ ಪುಡಿ ಹಾಕಿ ಕದಡಿದರು.

"ಈಜುಕೊಳದ ನೀರು ಅಂದ್ರೆ ಹೆಚ್ಚು ಕಡಿಮೆ ಇಷ್ಟು ತೆಳು. ನೀವೇ ನೋಡಿ."

ಮೇಘಶ್ರೀಯ ತಲೆಯಿಂದ ಒಂದು ಹೇನು ತೆಗೆದು, ಆ ನೀರು ತುಂಬಿದ ಲೋಟಕ್ಕೆ ಬಿಟ್ಟರು. ಸ್ವಲ್ಪ ಹೊತ್ತಿಗೆ ಅದು ಅಲುಗಾಡದೆ ಬಿತ್ತು.

"ಸತ್ತೋಯ್ತಲ್ಲ!" ಎಂದ ಕೆಂಪಣ್ಣ, ಬಹುಮಾನ ಬಂದವನ ಹಾಗೆ.

"ಆತುರ ಬೇಡ." ಚಿಕ್ಕಲಕ್ಷ್ಮಮ್ಮನ ಬಿ.ಪಿ. ನೋಡಿ ಮಾತ್ರೆ ಕೊಟ್ಟು ಬಂದ ಮೇಲೆ ನೇತ್ರಾ ಹೇನನ್ನು ಬಿಳಿ ಬಟ್ಟೆಯ ಮೇಲೆ ಹಾಕಿದರು. ಎಲ್ಲರೂ ಬಗ್ಗಿ ನೋಡಿದರು. ಮೊದಲು ಒಂದು ಕಾಲು ಆಡಿತು. ಆಮೇಲೆ ಹೇನು ಎದ್ದು ಆರಾಮಾಗಿ ನಡೆದುಕೊಂಡು ಹೊರಟಿತು. ಕೆಂಪಣ್ಣ ಮೆಲ್ಲಗೆ ಟ್ರೇಗಳ ಕಡೆ ಸರಿದ.

"ನೀರಿಗೆ ಬಿದ್ರೆ ಹೇನು ಸತ್ತ ಹಾಗೆ ಬಿದ್ದಿರುತ್ತೆ, ಅಷ್ಟೆ. ತಲೇಲಿದ್ರೆ ಕೂದಲು ಅವುಚ್ಕೊಂಡು ಕೂತ್ಬಿಡುತ್ತೆ. ಅದರ ಮೊಟ್ಟೆ, ಸೀರಂತೂ ಕೂದಲಿಗೆ ಅಂಟಿನಲ್ಲಿ ಮೆತ್ತಿಟ್ಟ ಹಾಗಿರುತ್ತೆ. ಅದಕ್ಕೇನೂ ಆಗಲ್ಲ."

"ಅಂಗಾರೆ ಪುಡಿ ಜಾಸ್ತಿ ಆಕುದ್ರೆ?" ಕೃಷ್ಣಪ್ಪ ಇನ್ನೂ ಬಿಡಲೊಲ್ಲ.

"ಹೇನಿಗಿಂತ ಮೊದಲು ಮಗು ಚರ್ಮ ಸುಡುತ್ತೆ. ಟ್ರೇ ಪ್ಲಾಸ್ಟಿಕ್ಕು ಅಣ್ಣ. ಇದು ಮಗು ತಲೆ."

ಬಾಗಿಲಲ್ಲಿ ನಿಂತು ನೋಡುತ್ತಿದ್ದ ಚಿಕ್ಕಲಕ್ಷ್ಮಮ್ಮ ಮೂಗು ಮುರಿದಳು. "ತಲೆ ತೊಳೀದೆ ಇರೋರಿಗೆ ಇನ್ನೇನಾದದು?"

"ಹಂಗಲ್ಲ ಚಿಕ್ಕಲಕ್ಷ್ಮಮ್ಮ. ದಿನಾ ತೊಳೆದ ತಲೆಗೂ ಹೇನು ಬರುತ್ತೆ. ತಲೆಗೆ ತಲೆ ತಾಗಿದ್ರೆ ಸಾಕು. ಎಲ್ಲಿ, ಇಂಚರನ್ನ ಕರೀರಿ."

ಇಂಚರಳ ಕಿವಿಯ ಹಿಂದೆ ಸೀರು ಸಾಲಾಗಿ ಕೂತಿತ್ತು. ಚಿಕ್ಕಲಕ್ಷ್ಮಮ್ಮ ಸೆರಗು ಬಾಯಿಗಿಟ್ಟುಕೊಂಡಳು. ಎಷ್ಟು ದಿನದಿಂದ ಆ ಹುಡುಗಿಯೂ ಹೆದರಿ ಸುಮ್ಮನಿದ್ದಳೋ.

ನೇತ್ರಾ ಔಷಧಿಯ ವಿಷಯ ಹೇಳಿದರು. ಮೆಡಿಕಲ್ ಸ್ಟೋರಿನಲ್ಲಿ ಪರ್ಮೆಥ್ರಿನ್ ಲೋಷನ್ ಸಿಗುತ್ತದೆ. ಅದರ ಮೇಲೆ ಬರೆದಂತೆ ಹಚ್ಚಿ ತೊಳೆಯಬೇಕು. ಉಳಿದ ಸೀರು ಒಡೆದು ಮರಿಯಾಗುವುದರಿಂದ ವಾರ ಹತ್ತು ದಿನ ಬಿಟ್ಟು ಇನ್ನೊಂದು ಸಲ ಹಚ್ಚಬೇಕು. ನಡುವೆ ಎರಡು ಮೂರು ದಿನಕ್ಕೊಮ್ಮೆ ಒದ್ದೆ ಕೂದಲನ್ನು ಒತ್ತು ಹಲ್ಲಿನ ಹೇನಿನ ಬಾಚಣಿಗೆಯಿಂದ ಬುಡದಿಂದ ತುದಿಯವರೆಗೆ ಬಾಚಬೇಕು. ಮನೆಯವರೆಲ್ಲ ತಲೆ ನೋಡಿಸಿಕೊಳ್ಳಬೇಕು.

ಆಮೇಲೆ ಬ್ಯಾಗಿನಿಂದ ಒಂದು ಬಾಚಣಿಗೆ ತೆಗೆದು ಕೃಷ್ಣಪ್ಪನ ಕೈಗೇ ಕೊಟ್ಟರು.

"ನಂಗೆ ಬರಾಕಿಲ್ಲ ತಾಯಿ. ಇದೆಲ್ಲ ಅವಳು ಮಾಡ್ತಿದ್ಲು."

"ಗೊತ್ತು ಅಣ್ಣ. ಟ್ರೇ ಗುಣಿಯಿಂದ ಎಳೇ ಸಸಿ ನೋಯದ ಹಾಗೆ ಎತ್ತೋ ಕೈ ನಿಮ್ಮದು. ಬರುತ್ತೆ."

ಕೃಷ್ಣಪ್ಪ ಜಗುಲಿಯ ಮೇಲೆ ಕೂತ. ಮಗಳು ಕೆಳಗಿನ ಮೆಟ್ಟಿಲಲ್ಲಿ ಕೂತಳು. ಮೊದಲ ಸಲ ಸಿಕ್ಕು ಎಳೆದು ಅವಳನ್ನು ಅಳಿಸಿದ. ಅಳು ನೋವಿಗೋ, ಬೇರೆ ಯಾವುದಕ್ಕೋ, ಅವನು ಕೇಳಲಿಲ್ಲ. ಅವನ ಕಣ್ಣೂ ತುಂಬಿತ್ತು. ಆಮೇಲೆ ಕೈ ಪಳಗಿತು. ಬಾಚುತ್ತಾ ಬಾಚುತ್ತಾ ಮಗಳು ಒಂದೊಂದೇ ಮಾತು ಬಿಚ್ಚಿದಳು. ಶಾಲೆಯದು, ಊಟದ್ದು, ಅಮ್ಮನದು. ವರ್ಷದಿಂದ ಅವಳೊಳಗೆ ಇಷ್ಟು ಮಾತಿತ್ತೆಂದು ಕೃಷ್ಣಪ್ಪನಿಗೆ ತಿಳಿದೇ ಇರಲಿಲ್ಲ.

ಎರಡನೇ ಸಲದ ಔಷಧಿಯೂ ಆಯಿತು. ಪಕ್ಕದ ಮನೆಯಲ್ಲೂ ಆಯಿತು. ಇಂಚರ ಮತ್ತೆ ಮೇಘಶ್ರೀಯ ಬೆಂಚಿಗೆ ಬಂದಳು. ನೇತ್ರಾ ಇಬ್ಬರ ತಲೆಯನ್ನೂ ಕೂದಲು ಸರಿಸಿ ಸರಿಸಿ ನೋಡಿ, "ಒಂದೂ ಇಲ್ಲ" ಎಂದರು. ಕೃಷ್ಣಪ್ಪ ನಿಟ್ಟುಸಿರು ಬಿಟ್ಟ.

ಮೇಘಶ್ರೀ ಮಾತ್ರ ನಗಲಿಲ್ಲ. ಸಂಜೆ ಬಾಗಿಲಿಗೆ ಒರಗಿ ನಿಂತು ಕೇಳಿದಳು:

"ಅಪ್ಪಾ, ಹೇನೆಲ್ಲಾ ಓಯ್ತಲ್ಲ. ಇನ್ಮ್ಯಾಕೆ ನೀನು ನನ್ನ ತಲೆ ಬಾಚಕ್ಕಿಲ್ವಾ?"

ಕೃಷ್ಣಪ್ಪ ಬಾಚಣಿಗೆ ಕೈಗೆತ್ತಿಕೊಂಡ. "ಬಾರವ್ವ, ಕೂತ್ಕೊ. ಎಣ್ಣೆ ತತ್ತೀನಿ," ಎಂದ.

ಇದನ್ನು ಕೇಳುತ್ತಿರುವ ಅಪ್ಪಂದಿರೇ, ಅಮ್ಮಂದಿರೇ, ಈಜುಕೊಳದ ನೀರಿಗೆ ಹೇನು ಸಾಯುವುದಿಲ್ಲ, ಸೀರು ಬಿಡುವುದಿಲ್ಲ. ಬ್ಲೀಚಿಂಗ್ ಪೌಡರ್, ಸೀಮೆಎಣ್ಣೆ, ಬೆಳೆಗೆ ಹೊಡೆಯುವ ಔಷಧಿ ಯಾವುದನ್ನೂ ಮಗುವಿನ ತಲೆಗೆ ಹಾಕಬೇಡಿ. ಪುಟ್ಟ ಕೂಸಿದ್ದರೆ, ಬಸುರಿ ಬಾಣಂತಿಯರಿದ್ದರೆ ಲೋಷನ್ ಹಚ್ಚುವ ಮುನ್ನ ನರ್ಸ್ ಅಥವಾ ಡಾಕ್ಟರನ್ನು ಕೇಳಿ. ಹೇನು ಬಂದ ಮಗುವನ್ನು ಬೇರೆ ಕೂರಿಸಬೇಡಿ. ಇವತ್ತು ಸಂಜೆ ಮೊಬೈಲು ಪಕ್ಕಕ್ಕಿಟ್ಟು ನಿಮ್ಮ ಮಗುವನ್ನು ಹತ್ತಿರ ಕೂರಿಸಿಕೊಂಡು ತಲೆ ನೋಡಿ. ಹೇನು ಸಿಗದಿದ್ದರೂ ಬೇಗ ಎಬ್ಬಿಸಬೇಡಿ.